ಕುದುರೆಗಳಿಗೆ ಬರುವ ಮಿದುಳು ಜ್ವರ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಸೊಳ್ಳೆ ಕಡಿತದಿಂದ ಕುದುರೆಗಳಿಗೆ ಬರುವ ಮಿದುಳು ಜ್ವರದ ಬಗ್ಗೆ ಕುದುರೆ ಸಾಕುವವರು, ಸವಾರಿ ಕಲಿಯುತ್ತಿರುವವರು ಹಾಗೂ ಲಾಯಗಳ ಆಸುಪಾಸಿನಲ್ಲಿ ವಾಸಿಸುವವರು ಬರೆದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ, ದೀರ್ಘ ಪತ್ರಗಳನ್ನು ಮೊಟಕುಗೊಳಿಸಲಾಗಿದೆ.

ಪ್ರಶ್ನೆ: ಕುದುರೆಯ ಮಿದುಳು ಜ್ವರ ಎಂಬುದು ಒಂದೇ ಕಾಯಿಲೆಯೋ, ಹಲವೋ? ಈಸ್ಟರ್ನ್, ವೆಸ್ಟರ್ನ್, ವೆಸ್ಟ್ ನೈಲ್ ಎಂದೆಲ್ಲ ಓದಿ ಗೊಂದಲವಾಗಿದೆ.

ಉತ್ತರ: ಲಕ್ಷಣ ನೋಡಿದರೆ ಒಂದೇ ಎನ್ನಿಸುತ್ತದೆ, ಕಾರಣ ಹುಡುಕಿದರೆ ಹಲವು. ಮಿದುಳಿಗೂ ಬೆನ್ನುಹುರಿಗೂ ಉರಿಯೂತ ತರುವ ಬೇರೆ ಬೇರೆ ವೈರಸ್‌ಗಳು ಸೊಳ್ಳೆಯ ಮೂಲಕ ಕುದುರೆಯ ಮೈ ಸೇರುತ್ತವೆ. ಇವುಗಳಲ್ಲಿ ಎರಡು ಕುಟುಂಬಗಳು ಮುಖ್ಯ. ಆಲ್ಫಾವೈರಸ್‌ಗಳ ಗುಂಪಿಗೆ ಸೇರಿದ ಈಸ್ಟರ್ನ್, ವೆಸ್ಟರ್ನ್ ಮತ್ತು ವೆನೆಜುವೆಲನ್ ಎಂಬ ಮೂರು ಅಮೆರಿಕ ಖಂಡಗಳಿಗೆ ಸೀಮಿತವಾಗಿವೆ. ಫ್ಲೇವಿವೈರಸ್‌ಗಳ ಗುಂಪಿನ ವೆಸ್ಟ್ ನೈಲ್ ವೈರಸ್ ಆಫ್ರಿಕ, ಯುರೋಪ್, ಏಷ್ಯಾ, ಆಸ್ಟ್ರೇಲಿಯ ಮತ್ತು ಅಮೆರಿಕಗಳಲ್ಲಿ ಹರಡಿಕೊಂಡಿದ್ದರೆ, ಅದರ ಹತ್ತಿರದ ಬಂಧುವಾದ ಜಪಾನೀಸ್ ಎನ್ಸೆಫಲೈಟಿಸ್ ವೈರಸ್ ದಕ್ಷಿಣ, ಆಗ್ನೇಯ ಮತ್ತು ಪೂರ್ವ ಏಷ್ಯಾದಲ್ಲಿ ನೆಲೆಯೂರಿದ್ದು 2022ರಲ್ಲಿ ಆಗ್ನೇಯ ಆಸ್ಟ್ರೇಲಿಯದ ಹಂದಿ ಸಾಕಣೆ ಕೇಂದ್ರಗಳಲ್ಲೂ ಕಾಣಿಸಿಕೊಂಡಿತು.

ಈ ಕಾಯಿಲೆಗಳ ಅರಿವು ಮೂಡಿದ್ದೇ ಕುದುರೆಗಳ ಸಾವಿನಿಂದ. 1831ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಸುಮಾರು 75 ಕುದುರೆಗಳು ಮಿದುಳಿನ ರೋಗದಿಂದ ಸತ್ತವೆಂಬ ದಾಖಲೆಯಿದೆ. ಅದು ಈಸ್ಟರ್ನ್ ವೈರಸ್ಸಿನ ಕೆಲಸವೆಂದು ಈಗ ಊಹಿಸಲಾಗುತ್ತದೆ. ಕ್ಯಾಲಿಫೋರ್ನಿಯದ ಸ್ಯಾನ್ ವಾಕೀನ್ ಕಣಿವೆಯಲ್ಲಿ 1930ರಲ್ಲಿ ಸಾವಿರಾರು ಕುದುರೆಗಳು ಕಾಯಿಲೆ ಬಿದ್ದಾಗ ಕಾರ್ಲ್ ಮೇಯರ್ ಮತ್ತು ಅವರ ಸಹೋದ್ಯೋಗಿಗಳು ರೋಗಿ ಕುದುರೆಯ ಮಿದುಳಿನಿಂದ ವೆಸ್ಟರ್ನ್ ವೈರಸ್ಸನ್ನು ಬೇರ್ಪಡಿಸಿದರು. ಆಗ ಅದು ಹೇಗೆ ಹರಡುತ್ತದೆಂಬುದು ಯಾರಿಗೂ ತಿಳಿದಿರಲಿಲ್ಲ. ಸೊಳ್ಳೆ ಅದನ್ನು ದಾಟಿಸಬಲ್ಲದೆಂದು 1933ರಲ್ಲಿ ರೇಮಂಡ್ ಕೆಲ್ಸರ್ ಪ್ರಯೋಗಾಲಯದಲ್ಲಿ ತೋರಿಸಿದರು. ಬಯಲಿನಲ್ಲಿ ಹಿಡಿದ ಕ್ಯೂಲೆಕ್ಸ್ ಟಾರ್ಸಾಲಿಸ್ ಸೊಳ್ಳೆಗಳಲ್ಲಿ ಅದೇ ವೈರಸ್ ಸಿಕ್ಕಿದ್ದು 1941ರಲ್ಲಿ, ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯಲ್ಲಿ. ರೋಗಾಣು ಕೈಗೆ ಸಿಕ್ಕ ಮೇಲೂ ಅದರ ವಾಹಕವನ್ನು ಹೊರಗಿನ ಬಯಲಲ್ಲಿ ಗುರುತಿಸಲು ಹನ್ನೊಂದು ವರ್ಷ ಹಿಡಿಯಿತು.

ತೀವ್ರತೆಯಲ್ಲಿ ಇವುಗಳ ನಡುವೆ ಭಾರಿ ವ್ಯತ್ಯಾಸವಿದೆ. ಈಸ್ಟರ್ನ್ ವೈರಸ್‌ನಿಂದ ಕಾಯಿಲೆ ಬಿದ್ದ ಕುದುರೆಗಳಲ್ಲಿ ನೂರಕ್ಕೆ ತೊಂಬತ್ತರವರೆಗೂ ಸಾಯುತ್ತವೆ. ವೆಸ್ಟ್ ನೈಲ್‌ನಲ್ಲಿ ನರಗಳ ತೊಂದರೆ ಕಾಣಿಸಿಕೊಂಡ ಕುದುರೆಗಳ ಪೈಕಿ ಸುಮಾರು ಮೂರನೇ ಒಂದು ಭಾಗ ಸಾಯುತ್ತವೆ ಅಥವಾ ದಯಾಮರಣಕ್ಕೆ ಒಳಗಾಗುತ್ತವೆ. ವೆಸ್ಟರ್ನ್ ವೈರಸ್‌ನಿಂದಾಗುವ ಸಾವು ಈಸ್ಟರ್ನ್‌ಗಿಂತ ಬಹಳ ಕಡಿಮೆ. ಹಾಗೆಂದು ಅದನ್ನು ಮರೆಯುವಂತಿಲ್ಲ: ದಶಕಗಳ ಕಾಲ ಸದ್ದಿಲ್ಲದಿದ್ದ ಆ ವೈರಸ್ 2023ರ ಕೊನೆಯಲ್ಲಿ ಅರ್ಜೆಂಟೀನ ಮತ್ತು ಉರುಗ್ವೆಗಳಲ್ಲಿ ಎದ್ದು ಸಾವಿರಕ್ಕೂ ಹೆಚ್ಚು ಕುದುರೆಗಳನ್ನು ಕಾಡಿತು, ನೂರಕ್ಕೂ ಹೆಚ್ಚು ಜನರಿಗೂ ತಗುಲಿತು.

ಪ್ರಶ್ನೆ: ನಮ್ಮ ಪಕ್ಕದ ಲಾಯದ ಕುದುರೆಗೆ ವೆಸ್ಟ್ ನೈಲ್ ಕಾಯಿಲೆ ಎಂದು ಹೇಳಿದ್ದಾರೆ. ಆ ಕುದುರೆಯನ್ನು ಅಲ್ಲಿಂದ ಸಾಗಿಸಬೇಕೆಂದು ನೆರೆಯವರು ಪಟ್ಟು ಹಿಡಿದಿದ್ದಾರೆ. ಅದರಿಂದ ನನ್ನ ಕುದುರೆಗೂ ಮಕ್ಕಳಿಗೂ ಅಪಾಯವಿದೆಯೇ?

ಉತ್ತರ: ಆ ಕುದುರೆಯಿಂದ ಅಪಾಯವಿಲ್ಲ. ಆದರೆ ಅದಕ್ಕೆ ಕಚ್ಚಿದ ಸೊಳ್ಳೆಯಂಥವೇ ನಿಮ್ಮ ಅಂಗಳದಲ್ಲೂ ಹಾರಾಡುತ್ತಿರಬಹುದು ಎಂಬುದು ಗಮನಿಸಬೇಕಾದ ಸಂಗತಿ.

ವೆಸ್ಟ್ ನೈಲ್, ಈಸ್ಟರ್ನ್ ಮತ್ತು ವೆಸ್ಟರ್ನ್ ವೈರಸ್‌ಗಳ ನಿಜವಾದ ಬಿಡಾರ ಹಕ್ಕಿಗಳು. ಹಕ್ಕಿಯ ರಕ್ತದಲ್ಲಿ ವೈರಸ್ ಕೆಲವು ದಿನ ವಿಪರೀತವಾಗಿ ಹೆಚ್ಚುತ್ತದೆ. ಆ ದಿನಗಳಲ್ಲಿ ರಕ್ತ ಹೀರಿದ ಸೊಳ್ಳೆಯ ಹೊಟ್ಟೆಯಿಂದ ಅದು ಜೊಲ್ಲು ಗ್ರಂಥಿಗೆ ತಲುಪಲು ಹವೆಯ ಬಿಸಿಯನ್ನು ಅವಲಂಬಿಸಿ ಕೆಲವು ದಿನಗಳಿಂದ ಎರಡು ವಾರದವರೆಗೆ ಬೇಕು. ಅನಂತರವಷ್ಟೇ ಆ ಸೊಳ್ಳೆಯ ಕಡಿತ ಅಪಾಯಕಾರಿ. ಕುದುರೆಯ ಮೈಯಲ್ಲಿ ಹೀಗಾಗುವುದಿಲ್ಲ. ವೈರಸ್ ಮಿದುಳನ್ನು ಹಾಳುಗೆಡವಿದರೂ ರಕ್ತದಲ್ಲಿ ಅದರ ಪ್ರಮಾಣ ಎಷ್ಟು ಕಡಿಮೆಯಿರುತ್ತದೆಂದರೆ, ಅದೇ ಕುದುರೆಗೆ ಕಚ್ಚಿದ ಮತ್ತೊಂದು ಸೊಳ್ಳೆಗೆ ಸೋಂಕು ತಗಲುವಷ್ಟೂ ಸಿಗುವುದಿಲ್ಲ. ವೈರಸ್‌ಗೆ ಕುದುರೆ ದಾರಿಯ ಕೊನೆ, ಮನುಷ್ಯನೂ ಹಾಗೆಯೇ. ಜಪಾನೀಸ್ ಎನ್ಸೆಫಲೈಟಿಸ್‌ನಲ್ಲೂ ವೈರಸ್ಸನ್ನು ಬೆಳೆಸಿ ಸೊಳ್ಳೆಗೆ ಮರಳಿಸುವುದು ಹಂದಿ ಮತ್ತು ಬೆಳ್ಳಕ್ಕಿಯ ಜಾತಿಯ ನೀರುಹಕ್ಕಿಗಳೇ ಹೊರತು ಕುದುರೆಯಲ್ಲ. ಆದ್ದರಿಂದ ರೋಗಿಯನ್ನು ಊರಾಚೆ ಅಟ್ಟುವುದರಿಂದ ಯಾರಿಗೂ ರಕ್ಷಣೆ ಸಿಗದು. ನಿಲ್ಲಲು ತ್ರಾಣವಿಲ್ಲದ ಪ್ರಾಣಿಯನ್ನು ವಾಹನಕ್ಕೆ ಹತ್ತಿಸಿದರೆ ಅದು ದಾರಿಯಲ್ಲೇ ಬೀಳುವ ಸಂಭವವೇ ಹೆಚ್ಚು. ಆ ಕುದುರೆ ನಿಮಗೆಲ್ಲ ಒಂದು ಮುನ್ಸೂಚನೆ ಕೊಟ್ಟಿದೆಯೆಂದು ತಿಳಿಯುವುದು ಲೇಸು. ಮಕ್ಕಳನ್ನು ಮುಸ್ಸಂಜೆಯ ಸೊಳ್ಳೆಯಿಂದ ಕಾಪಾಡಿ, ನಿಮ್ಮ ಕುದುರೆಯ ಲಸಿಕೆಯ ಲೆಕ್ಕವನ್ನು ಇಂದೇ ನೋಡಿ.

ಇದಕ್ಕೊಂದು ದೊಡ್ಡ ಅಪವಾದವಿದೆ. ವೆನೆಜುವೆಲನ್ ವೈರಸ್‌ನ ಪಿಡುಗು ಹಬ್ಬಿಸುವ ತಳಿಗಳಲ್ಲಿ ಕುದುರೆ, ಕತ್ತೆ ಮತ್ತು ಹೇಸರಗತ್ತೆಗಳೇ ವೈರಸ್ಸನ್ನು ಬೆಳೆಸುವ ಕಾರ್ಖಾನೆಗಳಾಗುತ್ತವೆ. ಅವುಗಳ ರಕ್ತದಲ್ಲಿ ವೈರಸ್ ಎಷ್ಟು ಏರುತ್ತದೆಂದರೆ ಹಲವು ಜಾತಿಯ ಸೊಳ್ಳೆಗಳು ಅದನ್ನು ಹೊತ್ತೊಯ್ಯಬಲ್ಲವು. 1969ರಲ್ಲಿ ಮಧ್ಯ ಅಮೆರಿಕದಲ್ಲಿ ಶುರುವಾದ ಇಂಥ ಪಿಡುಗು ಮೆಕ್ಸಿಕೊ ದಾಟಿ 1971ರಲ್ಲಿ ಟೆಕ್ಸಾಸ್ ಮುಟ್ಟಿತು. ಆಗ ಕುದುರೆಗಳ ಸಾಗಣೆಗೆ ನಿರ್ಬಂಧ ಹಾಕಿ, ಲಕ್ಷಗಟ್ಟಲೆ ಕುದುರೆಗಳಿಗೆ ಲಸಿಕೆ ಕೊಟ್ಟು, ವಿಮಾನಗಳಿಂದ ಕೀಟನಾಶಕ ಸಿಂಪಡಿಸಿ ಅದನ್ನು ತಡೆಯಬೇಕಾಯಿತು. 1995ರಲ್ಲಿ ವೆನೆಜುವೆಲ ಮತ್ತು ಕೊಲಂಬಿಯಗಳಲ್ಲಿ ಮರುಕಳಿಸಿದಾಗ ಕಾಯಿಲೆ ಬಿದ್ದ ಮನುಷ್ಯರ ಸಂಖ್ಯೆಯೇ 75 ಸಾವಿರದಿಂದ 1 ಲಕ್ಷ ಎಂಬ ಅಂದಾಜಿದೆ. ನೆರೆಯವರ ಹೆದರಿಕೆ ಅಂಥ ಕಡೆ ಸರಿ. ಯಾವ ವೈರಸ್ ಎಂಬ ಹೆಸರು ಹಿಡಿದು ತಿಳಿಯದೆ ಕುದುರೆಯ ಮೇಲೆ ತಪ್ಪು ಹೊರಿಸಬಾರದೆನ್ನುವುದು ಇದಕ್ಕಾಗಿಯೇ.

ಪ್ರಶ್ನೆ: ನಮ್ಮ ಹೆಣ್ಣು ಕುದುರೆ ಎರಡು ದಿನದಿಂದ ಮಂಕಾಗಿದೆ. ಮೇವು ಬಾಯಲ್ಲಿಟ್ಟುಕೊಂಡು ಅಗಿಯುವುದನ್ನೇ ಮರೆತಂತೆ ನಿಲ್ಲುತ್ತದೆ, ಕೆಳತುಟಿ ಜೋತುಬಿದ್ದಿದೆ, ಗೋಡೆಗೆ ಹಣೆಯೊತ್ತಿ ನಿಲ್ಲುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿರಬೇಕೆಂದು ಬಾಯೊಳಗೆ ಕೈ ಹಾಕಿ ನೋಡಿದೆವು, ಏನೂ ಸಿಗಲಿಲ್ಲ. ಇದು ಮಿದುಳು ಜ್ವರವೇ?

ಉತ್ತರ: ದಯವಿಟ್ಟು ಇನ್ನೊಮ್ಮೆ ಅದರ ಬಾಯಿಗೆ ಕೈ ಹಾಕಬೇಡಿ. ನೀವು ಬರೆದ ಲಕ್ಷಣಗಳು ಮಿದುಳು ಜ್ವರಕ್ಕೆ ಒಪ್ಪುತ್ತವೆ, ನಿಜ. ಆದರೆ ಅವು ರೇಬೀಸ್‌ಗೂ ಅಷ್ಟೇ ಚೆನ್ನಾಗಿ ಒಪ್ಪುತ್ತವೆ. ನುಂಗಲಾಗದ, ಜೊಲ್ಲು ಸುರಿಸುವ, ವರ್ತನೆ ಬದಲಾದ ಕುದುರೆಯನ್ನು ಕಂಡಾಗ ಪಶುವೈದ್ಯರು ಮೊದಲು ನೆನೆಯಬೇಕಾದದ್ದು ರೇಬೀಸನ್ನೇ, ಏಕೆಂದರೆ ಅಲ್ಲಿ ತಪ್ಪಾದರೆ ಸಾಯುವುದು ಕುದುರೆಯೊಂದೇ ಅಲ್ಲ. ಕೈ ಹಾಕಿದವರು, ಜೊಲ್ಲು ಮೈಗೆ ತಾಗಿಸಿಕೊಂಡವರು ಸೋಪು ನೀರಿನಲ್ಲಿ ಕನಿಷ್ಠ ಹದಿನೈದು ನಿಮಿಷ ಆ ಜಾಗ ತೊಳೆದು, ಈ ಪತ್ರಿಕೆಯನ್ನು ಬದಿಗಿಟ್ಟು ಇವತ್ತೇ ವೈದ್ಯರನ್ನು ಕಂಡು, ಚುಚ್ಚುಮದ್ದು ಬೇಕೇ ಎಂದು ಕೇಳಬೇಕು. ಕುದುರೆಯ ಬಳಿಗೆ ಎಲ್ಲರೂ ಹೋಗದೆ ಒಬ್ಬರು ಮಾತ್ರ ಹೋಗಿ, ಕೈಗವಸು ಹಾಕಿಕೊಂಡಿರಿ, ಪಶುವೈದ್ಯರನ್ನು ತಡಮಾಡದೆ ಕರೆಸಿ.

ಇನ್ನು ಮಿದುಳು ಜ್ವರದ ಮಾತು. ಸೊಳ್ಳೆ ಕಚ್ಚಿದ ಬಳಿಕ ಲಕ್ಷಣ ಕಾಣಲು ಈಸ್ಟರ್ನ್‌ನಲ್ಲಿ 5ರಿಂದ 14 ದಿನ, ವೆಸ್ಟ್ ನೈಲ್‌ನಲ್ಲಿ 3ರಿಂದ 15 ದಿನ ಹಿಡಿಯುತ್ತದೆ. ಮೊದಲು ಜ್ವರ, ಮಂಕು, ಮೇವಿನ ಮೇಲೆ ಅರುಚಿ. ಈ ಹಂತ ಎಷ್ಟೋ ಸಲ ಯಾರ ಕಣ್ಣಿಗೂ ಬೀಳದೆ ಕಳೆದುಹೋಗುತ್ತದೆ. ಆಮೇಲೆ ಹಿಂಗಾಲುಗಳು ತಡವರಿಸುತ್ತವೆ, ತಿರುಗಿಸಿದಾಗ ಒಂದು ಕಾಲು ಇನ್ನೊಂದಕ್ಕೆ ತೊಡರುತ್ತದೆ, ಗೊರಸಿನ ಮುಂತುದಿ ನೆಲಕ್ಕೆ ಉಜ್ಜುತ್ತದೆ. ವೆಸ್ಟ್ ನೈಲ್ ಇದ್ದರೆ ಮೂತಿ, ತುಟಿ ಹಾಗೂ ಕುತ್ತಿಗೆಯ ಸ್ನಾಯುಗಳು ಚರ್ಮದಡಿ ಸಣ್ಣಗೆ ಪಟಪಟನೆ ಅದುರುವುದನ್ನು ಹತ್ತಿರದಿಂದ ನೋಡಿದವರು ಗುರುತಿಸಬಹುದು; ನೊಣ ಓಡಿಸಲು ಕುದುರೆ ಚರ್ಮ ಕೊಡವುವುದಕ್ಕಿಂತ ಇದು ಬೇರೆ, ಎಡೆಬಿಡದೆ ನಡೆದಿರುತ್ತದೆ, ಮುಟ್ಟಿದರೆ ಹೆಚ್ಚುತ್ತದೆ. ಈಸ್ಟರ್ನ್‌ನಲ್ಲಿ ಮಿದುಳಿನ ಮೇಲ್ಭಾಗವೇ ಹೆಚ್ಚು ಘಾಸಿಗೊಳ್ಳುವುದರಿಂದ ತಲೆಯೊತ್ತುವುದು, ಗೊತ್ತುಗುರಿಯಿಲ್ಲದೆ ಒಂದೇ ದಿಕ್ಕಿಗೆ ಸುತ್ತುವುದು, ಕಣ್ಣು ಕಾಣದಿರುವುದು ಮುಂಚೂಣಿಗೆ ಬರುತ್ತವೆ. ನರಗಳ ಲಕ್ಷಣ ಶುರುವಾದ ಎರಡು ಮೂರು ದಿನಗಳಲ್ಲೇ ಕುದುರೆ ನೆಲ ಹಿಡಿದು ಕಾಲು ಬಡಿಯುತ್ತ ಸಾಯುವುದೂ ಇದರಲ್ಲೇ.

ಹೀಗೆ ಕಾಣುವ ಬೇರೆ ಕಾಯಿಲೆಗಳೂ ಇವೆ. ಬೂಸಲು ಹಿಡಿದ ಮೆಕ್ಕೆಜೋಳದಲ್ಲಿರುವ ಫ್ಯುಮೋನಿಸಿನ್ ಎಂಬ ವಿಷ ಕುದುರೆಯ ಮಿದುಳಿನ ಬಿಳಿಭಾಗವನ್ನೇ ಕರಗಿಸುತ್ತದೆ, ಅದಕ್ಕೆ ಸಾಮಾನ್ಯವಾಗಿ ಜ್ವರ ಬರುವುದಿಲ್ಲ. ಕುದುರೆಗಳ ಹರ್ಪಿಸ್ ವೈರಸ್ ಬೆನ್ನುಹುರಿಗೆ ತಗುಲಿದರೆ ಹಿಂಗಾಲು ಸೋತು ಮೂತ್ರ ತಾನಾಗಿ ತೊಟ್ಟಿಕ್ಕುತ್ತದೆ, ಅದು ಮಾತ್ರ ಕುದುರೆಯಿಂದ ಕುದುರೆಗೆ ನೇರವಾಗಿ ಅಂಟುತ್ತದೆ. ಧನುರ್ವಾಯು, ಬ್ಯಾಕ್ಟೀರಿಯದ ವಿಷದಿಂದ ಸ್ನಾಯು ಸೋಲುವ ಬಾಟುಲಿಸಂ, ಯಕೃತ್ತಿನ ವೈಫಲ್ಯ ಇವನ್ನೂ ಪಟ್ಟಿಯಿಂದ ಒಂದೊಂದಾಗಿ ತೆಗೆಯಬೇಕಾಗುತ್ತದೆ. ಕಳೆದ ಕೆಲವು ವಾರಗಳಲ್ಲಿ ಏನು ತಿನ್ನಿಸಿದಿರಿ, ಯಾವ ಲಸಿಕೆ ಯಾವಾಗ ಕೊಡಿಸಿದಿರಿ, ಹೊಸ ಕುದುರೆ ಬಂದಿತ್ತೇ, ನಾಯಿ ಕಚ್ಚಿತ್ತೇ ಎಂಬುದನ್ನು ಬರೆದಿಟ್ಟು ಪಶುವೈದ್ಯರ ಕೈಗೆ ಕೊಟ್ಟರೆ ಅರ್ಧ ಕೆಲಸ ಹಗುರಾಗುತ್ತದೆ.

ಪ್ರಶ್ನೆ: ನರಗಳ ತೊಂದರೆಯಿದ್ದ ಕುದುರೆಯ ರಕ್ತದ ಪಿಸಿಆರ್ ಪರೀಕ್ಷೆಯಲ್ಲಿ ವೆಸ್ಟ್ ನೈಲ್ ಇಲ್ಲ ಎಂದು ಬಂತು. ಆದರೂ ಪಶುವೈದ್ಯರು ಮತ್ತೊಮ್ಮೆ ರಕ್ತ ತೆಗೆದು ಬೇರೆ ಪರೀಕ್ಷೆಗೆ ಕಳುಹಿಸಿದ್ದಾರೆ. ಇದು ಸುಮ್ಮನೆ ಖರ್ಚಲ್ಲವೇ?

ಉತ್ತರ: ಖರ್ಚಾಗಿದ್ದು ಮೊದಲನೆಯ ಪರೀಕ್ಷೆಯಲ್ಲಿ, ಎರಡನೆಯದರಲ್ಲಲ್ಲ. ಮೇಲೆ ಹೇಳಿದಂತೆ ಕುದುರೆಯ ರಕ್ತದಲ್ಲಿ ಈ ವೈರಸ್ ಇರುವುದು ಅಲ್ಪ ಪ್ರಮಾಣದಲ್ಲಿ, ಅದೂ ಕೆಲವೇ ದಿನ. ಕಾಲು ತಡವರಿಸುವ ಹೊತ್ತಿಗೆ ಅದು ರಕ್ತದಿಂದ ಮಾಯವಾಗಿರುತ್ತದೆ. ವೈರಸ್ಸಿನ ಚೂರನ್ನೇ ಹುಡುಕುವ ಪಿಸಿಆರ್‌ಗೆ ಆಗ ಏನೂ ಸಿಗದಿದ್ದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಹುಡುಕಬೇಕಾದದ್ದು ಮೈ ತಯಾರಿಸಿದ ಐಜಿಎಂ ಎಂಬ ಪ್ರತಿಕಾಯವನ್ನು. ಸೋಂಕು ತಗುಲಿದ ಮೊದಲ ದಿನಗಳಲ್ಲೇ ಹುಟ್ಟಿ ಕೆಲವು ವಾರಗಳಲ್ಲಿ ಇಳಿದುಹೋಗುವ ಪ್ರತಿಕಾಯ ಅದಾದ್ದರಿಂದ, ಅದು ಸಿಕ್ಕರೆ ಸೋಂಕು ಇತ್ತೀಚಿನದು ಎಂದು ಹೇಳಬಹುದು. ಹಿಂದೆ ಲಸಿಕೆ ಪಡೆದ ಕುದುರೆಯಲ್ಲೂ ಈ ಪರೀಕ್ಷೆ ಸಾಮಾನ್ಯವಾಗಿ ಗೊಂದಲ ಹುಟ್ಟಿಸುವುದಿಲ್ಲ. ಬಹಳ ಕಾಲ ಉಳಿಯುವ ಐಜಿಜಿ ಪ್ರತಿಕಾಯ ಮಾತ್ರ ಲಸಿಕೆಯಿಂದ ಬಂದದ್ದೋ ರೋಗದಿಂದ ಬಂದದ್ದೋ ಹೇಳುವುದು ಕಷ್ಟ.

ಕುದುರೆ ಸತ್ತರೆ ಮಿದುಳಿನ ಪರೀಕ್ಷೆಯೇ ಖಚಿತ ಉತ್ತರ ಕೊಡುತ್ತದೆ. ಬದುಕಿರುವಾಗ ರಕ್ತದಿಂದ ಸೊಳ್ಳೆಗೂ ಹರಡದ ಈಸ್ಟರ್ನ್ ವೈರಸ್ ಸತ್ತ ಕುದುರೆಯ ಮಿದುಳಿನಲ್ಲಿ ಹೇರಳವಾಗಿರುತ್ತದೆ. ತಲೆಬುರುಡೆ ಕೊಯ್ಯುವಾಗ ಏಳುವ ಸಿಡಿತದಿಂದ ಮರಣೋತ್ತರ ಪರೀಕ್ಷೆ ಮಾಡುವವರಿಗೆ ಅಪಾಯವಿರುವುದರಿಂದ ಮುಖರಕ್ಷಕ, ಮಾಸ್ಕ್ ಹಾಗೂ ಎರಡು ಪದರ ಕೈಗವಸು ಇಲ್ಲದೆ ಈ ಕೆಲಸಕ್ಕೆ ಯಾರೂ ಇಳಿಯಬಾರದು. ಕುದುರೆಯ ಮಾಲೀಕರಂತೂ ಖಂಡಿತ ಕೂಡದು.

ಪ್ರಶ್ನೆ: ಇದಕ್ಕೆ ಔಷಧವಿದೆಯೇ? ಗುಣವಾದ ಕುದುರೆ ಮತ್ತೆ ಸವಾರಿಗೆ ಬರುತ್ತದೆಯೇ?

ಉತ್ತರ: ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಉರಿಯೂತ ಇಳಿಸುವ ಮದ್ದು, ಶಿರೆಯ ಮೂಲಕ ದ್ರವ, ಸೆಳವು ಬಂದರೆ ಅದನ್ನು ತಡೆಯುವ ಚುಚ್ಚುಮದ್ದು, ನುಂಗಲಾಗದಿದ್ದರೆ ಮೂಗಿನ ನಳಿಕೆಯಿಂದ ಆಹಾರ, ಇವಿಷ್ಟರಿಂದ ಮೈ ತಾನೇ ಚೇತರಿಸಿಕೊಳ್ಳಲು ಸಮಯ ದೊರಕಿಸಿಕೊಡಲಾಗುತ್ತದೆ. ನೆಲ ಹಿಡಿದ ಕುದುರೆಗೆ ದಪ್ಪ ಹುಲ್ಲುಹಾಸು ಬೇಕು, ಕೆಲವು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಐನೂರು ಕಿಲೋ ತೂಕದ ಪ್ರಾಣಿಗೆ ಹಾಸುಹುಣ್ಣು ಆಗದಂತೆ ನೋಡಿಕೊಳ್ಳುವುದು ಮಿದುಳಿನ ಚಿಕಿತ್ಸೆಗಿಂತ ಸುಲಭವೇನಲ್ಲ. ವೆಸ್ಟ್ ನೈಲ್‌ನಿಂದ ಬದುಕುಳಿದ ಕುದುರೆಗಳಲ್ಲಿ ಬಹುಪಾಲು ಕೆಲವು ತಿಂಗಳಲ್ಲಿ ಮೊದಲಿನಂತಾಗುತ್ತವೆ, ನೂರಕ್ಕೆ ಹತ್ತಿಪ್ಪತ್ತರಲ್ಲಿ ನಡಿಗೆಯ ಕುಂದು ಉಳಿಯುತ್ತದೆ. ತಡವರಿಕೆ ಪೂರ್ತಿ ಹೋಯಿತೆಂದು ಪಶುವೈದ್ಯರು ಹೇಳುವವರೆಗೆ ಬೆನ್ನೇರಬೇಡಿ, ಎಡವುವ ಕುದುರೆ ಬಿದ್ದರೆ ಸವಾರನ ಮೇಲೆಯೇ ಬೀಳುತ್ತದೆ. ಈಸ್ಟರ್ನ್‌ನಿಂದ ಉಳಿದ ಬೆರಳೆಣಿಕೆಯ ಕುದುರೆಗಳಲ್ಲಿ ಪೂರ್ಣ ಚೇತರಿಕೆ ಅಪರೂಪ.

ಪ್ರಶ್ನೆ: ಕಳೆದ ವರ್ಷ ಲಸಿಕೆ ಹಾಕಿಸಿದ್ದೇನೆ. ಪ್ರತಿ ವರ್ಷ ಬೇಕೇ? ಗಬ್ಬದ ಕುದುರೆಗೆ ಕೊಡಬಹುದೇ? ಇದೇ ಲಸಿಕೆ ನಮಗೂ ಇದೆಯೇ?

ಉತ್ತರ: ಪ್ರತಿ ವರ್ಷ ಬೇಕು. ಮೊದಲ ಬಾರಿಗೆ ಕೊಡುವಾಗ ನಾಲ್ಕರಿಂದ ಆರು ವಾರಗಳ ಅಂತರದಲ್ಲಿ ಎರಡು ಸಲ, ಆಮೇಲೆ ವರ್ಷಕ್ಕೊಮ್ಮೆ ಸೊಳ್ಳೆಗಾಲ ಶುರುವಾಗುವ ಮುಂಚೆ ಕೊಡಿಸುವುದು ವಾಡಿಕೆ. ಸೊಳ್ಳೆಗಳು ವರ್ಷವಿಡೀ ಇರುವೆಡೆ ಆರು ತಿಂಗಳಿಗೊಮ್ಮೆ ಕೊಡುವುದೂ ಉಂಟು. ಒಂದೇ ಚುಚ್ಚು ಹಾಕಿಸಿ ಎರಡನೆಯದನ್ನು ಮರೆಯುವುದು ಪದೇ ಪದೇ ಕಾಣುವ ತಪ್ಪು. ಮೊದಲನೆಯದು ಮೈಗೆ ಪರಿಚಯ ಮಾಡಿಸುತ್ತದೆ ಅಷ್ಟೆ, ನಂಬುವಂಥ ರಕ್ಷಣೆ ಬರುವುದು ಎರಡನೆಯದಾದ ಬಳಿಕ. ಗಬ್ಬದ ಕುದುರೆಗೆ ಮರಿ ಹಾಕುವ ನಾಲ್ಕರಿಂದ ಆರು ವಾರ ಮುಂಚೆ ವಾರ್ಷಿಕ ಲಸಿಕೆ ಕೊಟ್ಟರೆ ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ದಾಟುತ್ತದೆ. ಅಂಥ ಮರಿಗೆ ನಾಲ್ಕರಿಂದ ಆರು ತಿಂಗಳಾದಾಗ ಅದರದೇ ಸರಣಿ ಶುರು ಮಾಡಬೇಕು.

ಅಮೆರಿಕಕ್ಕೆ ವೆಸ್ಟ್ ನೈಲ್ ವೈರಸ್ 1999ರಲ್ಲಿ ನ್ಯೂಯಾರ್ಕ್ ಮೂಲಕ ಬಂತು. ಕುದುರೆಗಳ ಲಸಿಕೆಗೆ 2001ರಲ್ಲಿ ಷರತ್ತಿನ ಪರವಾನಗಿ, 2003ರಲ್ಲಿ ಪೂರ್ಣ ಪರವಾನಗಿ ದೊರೆಯಿತು. 2002ರ ಒಂದೇ ವರ್ಷದಲ್ಲಿ ಅಲ್ಲಿ 15 ಸಾವಿರಕ್ಕೂ ಹೆಚ್ಚು ಕುದುರೆಗಳು ಕಾಯಿಲೆ ಬಿದ್ದಿದ್ದವು. ಲಸಿಕೆ ವ್ಯಾಪಕವಾದ ಬಳಿಕ, ಸೋಂಕಿನಿಂದ ಬಂದ ಸಹಜ ರಕ್ಷಣೆಯೂ ಸೇರಿ, ಆ ಸಂಖ್ಯೆ ಕುಸಿಯಿತು. ಜಪಾನ್ 1940ರ ದಶಕದ ಕೊನೆಯಿಂದಲೇ ಜಪಾನೀಸ್ ಎನ್ಸೆಫಲೈಟಿಸ್ ವಿರುದ್ಧ ಕುದುರೆಗಳಿಗೆ ಲಸಿಕೆ ಹಾಕುತ್ತಿದೆ. ಲಸಿಕೆಯ ಇತಿಹಾಸದಲ್ಲಿ ಕಹಿಯೂ ಇದೆ: ಹಿಂದೆ ದಕ್ಷಿಣ ಮತ್ತು ಮಧ್ಯ ಅಮೆರಿಕದಲ್ಲಿ ಹಬ್ಬಿದ ಕೆಲವು ವೆನೆಜುವೆಲನ್ ಪಿಡುಗುಗಳಿಗೆ ಫಾರ್ಮಲಿನ್‌ನಲ್ಲಿ ಸರಿಯಾಗಿ ನಿಷ್ಕ್ರಿಯಗೊಳ್ಳದ ಲಸಿಕೆಯೇ ಕಾರಣವಾಗಿದ್ದಿರಬೇಕೆಂದು ವೈರಸ್‌ಗಳ ತಳಿ ಹೋಲಿಕೆ ಸೂಚಿಸಿದೆ. ಇಂದು ತಯಾರಿಕೆಯ ಪ್ರತಿ ಹಂತದಲ್ಲೂ ತಪಾಸಣೆ ಇರುವುದು ಇಂಥ ಅನುಭವಗಳಿಂದಾಗಿಯೇ.

ಮನುಷ್ಯರಿಗೆ ಜಪಾನೀಸ್ ಎನ್ಸೆಫಲೈಟಿಸ್‌ಗೆ ಪ್ರತ್ಯೇಕ ಲಸಿಕೆಯಿದೆ. ವೆಸ್ಟ್ ನೈಲ್‌ಗೆ ಕುದುರೆಗಿದೆ, ಮನುಷ್ಯನಿಗಿಲ್ಲ. ಕುದುರೆಯ ಲಸಿಕೆಯನ್ನು ಮನುಷ್ಯರು ಚುಚ್ಚಿಕೊಳ್ಳುವ ಯೋಚನೆಯನ್ನೇ ಮಾಡಬಾರದು.

ಪ್ರಶ್ನೆ: ಸಂಜೆ ಲಾಯದಲ್ಲಿ ಹೊಗೆ ಹಾಕುತ್ತೇವೆ, ವಾರಕ್ಕೊಮ್ಮೆ ಔಷಧ ಸಿಂಪಡಿಸುತ್ತೇವೆ. ಆದರೂ ಸೊಳ್ಳೆ ಕಡಿಮೆಯಾಗಿಲ್ಲ. ಇನ್ನೇನು ಮಾಡಬೇಕು?

ಉತ್ತರ: ಹೊಗೆ ನಿಲ್ಲಿಸಿ. ಮುಚ್ಚಿದ ಲಾಯದ ಹೊಗೆ ಕುದುರೆಯ ಶ್ವಾಸಕೋಶಕ್ಕೆ ಮಾಡುವ ಹಾನಿ ಸೊಳ್ಳೆಗೆ ಮಾಡುವುದಕ್ಕಿಂತ ಹೆಚ್ಚು. ಅದರ ಬದಲು ಬಲವಾದ ಫ್ಯಾನ್ ಹಾಕಿ. ಸೊಳ್ಳೆ ದುರ್ಬಲ ಹಾರಾಟಗಾರ, ಜೋರಾದ ಗಾಳಿಯ ಎದುರು ಕುದುರೆಯ ಮೈಮೇಲೆ ಇಳಿಯಲಾರದು. ಕ್ಯೂಲೆಕ್ಸ್ ಸೊಳ್ಳೆಗಳು ಕಚ್ಚುವುದು ಮುಸ್ಸಂಜೆಯಿಂದ ಬೆಳಗಿನ ಜಾವದವರೆಗೆ, ಆ ಹೊತ್ತಿನಲ್ಲಿ ಕುದುರೆಗಳನ್ನು ಜಾಲರಿ ಹಾಕಿದ ಲಾಯದೊಳಗಿಡಿ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ, ಕುದುರೆಗೆಂದೇ ತಯಾರಾದ ದ್ರಾವಣವನ್ನು ಮೈಗೆ ಹಚ್ಚಬಹುದು, ಆದರೆ ಅದು ಬೆಕ್ಕಿಗೂ ಮೀನಿಗೂ ವಿಷ. ಲಾಯದ ಬೆಕ್ಕನ್ನು ದೂರವಿಡಿ, ತೊಳೆದ ನೀರು ಕೆರೆಗೆ ಸೇರದಿರಲಿ.

ಹಾರುವ ಸೊಳ್ಳೆಗಿಂತ ನೀರಿನಲ್ಲಿರುವ ಮರಿಯನ್ನು ಕೊಲ್ಲುವುದು ಸುಲಭ. ಬೆಚ್ಚನೆಯ ಹವೆಯಲ್ಲಿ ಮೊಟ್ಟೆಯಿಂದ ರೆಕ್ಕೆಯ ಸೊಳ್ಳೆಯಾಗಲು ವಾರದಿಂದ ಹತ್ತು ದಿನ ಸಾಕು. ಕುಡಿಯುವ ನೀರಿನ ತೊಟ್ಟಿಯನ್ನು ವಾರಕ್ಕೆ ಎರಡು ಸಲ ಪೂರ್ತಿ ಬರಿದುಮಾಡಿ, ಒಳಮೈಯನ್ನು ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಮೇಲಿನ ನೀರು ಚೆಲ್ಲಿ ಹೊಸ ನೀರು ತುಂಬಿದರೆ ಸಾಲದು, ಅಂಚಿಗಂಟಿದ ಮೊಟ್ಟೆಗಳು ಅಲ್ಲೇ ಉಳಿಯುತ್ತವೆ. ಹಳೆಯ ಟೈರು, ಗೊಬ್ಬರದ ಗುಂಡಿಯ ಬದಿಯ ಕೊಚ್ಚೆ, ಕೊಳಾಯಿ ಸೋರುವಲ್ಲಿ ಗೊರಸು ತುಳಿದು ಆದ ತಗ್ಗುಗಳು, ಟಾರ್ಪಾಲಿನ ಮಡಿಕೆ, ಇವೆಲ್ಲ ಸೊಳ್ಳೆಯ ತೊಟ್ಟಿಲುಗಳೇ. ಬರಿದು ಮಾಡಲಾಗದ ನಿಂತ ನೀರಿಗೆ ಬಿಟಿಐ ಎಂಬ ಬ್ಯಾಕ್ಟೀರಿಯದ ಪುಡಿ ಹಾಕಿದರೆ ಅದು ಮರಿಗಳನ್ನು ಕೊಲ್ಲುತ್ತದೆ, ಆ ನೀರು ಕುಡಿದ ಕುದುರೆಗೆ ಹಾನಿಯಿಲ್ಲ.

ಎಲ್ಲ ಸೊಳ್ಳೆಯೂ ಈ ಉಪಾಯಗಳಿಗೆ ಬಗ್ಗುವುದಿಲ್ಲ. ಈಸ್ಟರ್ನ್ ವೈರಸ್ಸನ್ನು ಹಕ್ಕಿಗಳ ನಡುವೆ ಉಳಿಸುವ ಕುಲಿಸೆಟಾ ಮೆಲನ್ಯೂರ ಜೌಗುಕಾಡಿನ ಮರದ ಬೇರುಗಳಡಿಯ ಕತ್ತಲ ನೀರಿನಲ್ಲಿ ಬೆಳೆಯುತ್ತದೆ. ಅದು ಬಹುತೇಕ ಹಕ್ಕಿಗಳನ್ನೇ ಕಚ್ಚುವುದರಿಂದ ವೈರಸ್ ಕುದುರೆಯವರೆಗೆ ಬರಲು ಹಕ್ಕಿಯನ್ನೂ ಪ್ರಾಣಿಯನ್ನೂ ಕಚ್ಚುವ ಮತ್ತೊಂದು ಜಾತಿಯ ಸೊಳ್ಳೆ ಬೇಕು. ಅಂಥವುಗಳಲ್ಲೊಂದಾದ ಕೊಕಿಲೆಟಿಡಿಯಾದ ಮರಿ ಉಸಿರಾಟಕ್ಕೆ ನೀರಿನ ಮೇಲ್ಮೈಗೆ ಬರುವುದೇ ಇಲ್ಲ. ತನ್ನ ಉಸಿರುನಳಿಕೆಯ ತುದಿಯನ್ನು ಜೊಂಡಿನ ಬೇರಿಗೆ ಚುಚ್ಚಿ, ಗಿಡದೊಳಗಿನ ಗಾಳಿಯನ್ನೇ ಎಳೆದುಕೊಂಡು ಕೆಸರಿನಲ್ಲಿ ಕುಳಿತಿರುತ್ತದೆ, ಆದ್ದರಿಂದ ನೀರಿನ ಮೇಲೆ ಎಣ್ಣೆ ಸುರಿದರೆ ಅದಕ್ಕೇನೂ ಆಗದು. ನಿಮ್ಮ ಲಾಯದ ಪಕ್ಕ ಜೊಂಡು ತುಂಬಿದ ಹೊಂಡವಿದ್ದರೆ ವಾರದ ಸಿಂಪಡಣೆ ಯಾಕೆ ನಾಟುತ್ತಿಲ್ಲ ಎಂಬುದಕ್ಕೆ ಇದೇ ಕಾರಣವಿರಬಹುದು. ಜೊಂಡನ್ನು ಬೇರುಸಹಿತ ತೆಗೆಸಿ ನೋಡಿ.

ಭಾರಿ ಮಳೆ, ಪ್ರವಾಹಗಳ ನಂತರದ ತಿಂಗಳುಗಳಲ್ಲಿ ಎಚ್ಚರ ಇಮ್ಮಡಿಯಾಗಿರಲಿ. 2011ರಲ್ಲಿ ಆಗ್ನೇಯ ಆಸ್ಟ್ರೇಲಿಯದಲ್ಲಿ ಪ್ರವಾಹದ ಬೆನ್ನಿಗೇ ವೆಸ್ಟ್ ನೈಲ್‌ನ ಕುಂಜಿನ್ ತಳಿ ಹಬ್ಬಿ ಸುಮಾರು ಸಾವಿರ ಕುದುರೆಗಳು ನರಗಳ ಕಾಯಿಲೆಗೆ ತುತ್ತಾದವು.

ಪ್ರಶ್ನೆ: ನಮ್ಮಲ್ಲಿ ಕುದುರೆಯ ಜತೆ ಎರಡು ಕತ್ತೆಗಳೂ ಇವೆ. ಅವಕ್ಕೂ ಲಸಿಕೆ ಬೇಕೇ?

ಉತ್ತರ: ಕತ್ತೆಗೂ ಹೇಸರಗತ್ತೆಗೂ ಈ ವೈರಸ್‌ಗಳು ತಗಲುತ್ತವೆ. ಕುದುರೆಗೆ ಕೊಡುವ ವೇಳಾಪಟ್ಟಿಯನ್ನೇ ಅವಕ್ಕೂ ಅನುಸರಿಸಲಾಗುತ್ತದೆ. ನಿಮ್ಮ ಪ್ರದೇಶದಲ್ಲಿ ಯಾವ ವೈರಸ್ ಇದೆ, ಯಾವ ಲಸಿಕೆಗೆ ಪರವಾನಗಿ ಇದೆ ಎಂಬುದನ್ನು ಪಶುವೈದ್ಯರಲ್ಲಿ ಕೇಳಿ ಮೂರಕ್ಕೂ ಒಂದೇ ದಿನ ಹಾಕಿಸಿ. ಕತ್ತೆ ಕಾಯಿಲೆಯನ್ನು ಬಹಳ ಹೊತ್ತು ಹೊರಗೆ ತೋರಗೊಡುವುದಿಲ್ಲ. ಒಂದು ಹೊತ್ತು ಮೇವು ಬಿಟ್ಟರೂ ಜ್ವರ ನೋಡುವ ರೂಢಿಯಿಟ್ಟುಕೊಳ್ಳಿ.